ರಿಂಗ್ ರಸ್ತೆ ಸಿಗ್ನಲ್‌ನ ಕ್ಯಾಮೆರಾ: ಮನವಿಯ ಕರಡಿನ ಕುರಿತು ನಿವಾಸಿಗಳ ಚರ್ಚೆ

ಸಂಘದ ಕಾರ್ಯದರ್ಶಿ, 2ನೇ ಅಡ್ಡರಸ್ತೆ (ಸೋಮವಾರ, ರಾತ್ರಿ 8.40)

ಎಲ್ಲ ನಿವಾಸಿಗಳಿಗೆ ನಮಸ್ಕಾರ. ರಿಂಗ್ ರಸ್ತೆಯಿಂದ ನಮ್ಮ ಬಡಾವಣೆಗೆ ತಿರುಗುವ ಸಿಗ್ನಲ್‌ನಲ್ಲಿ ಕ್ಯಾಮೆರಾ ಅಳವಡಿಸಿ ಐದು ತಿಂಗಳಾಯಿತು. ಈ ಅವಧಿಯಲ್ಲಿ ತಮಗೆ ಬಂದ ದಂಡದ ನೋಟಿಸ್‌ಗಳ ಪ್ರತಿ ಕೊಡಿ ಎಂದು ಕಳೆದ ವಾರ ಕೋರಿದ್ದೆ. ನಿನ್ನೆ ಸಂಜೆಯವರೆಗೆ ಇಪ್ಪತ್ತಾರು ಮನೆಗಳವರು ಕೊಟ್ಟಿದ್ದಾರೆ. ಹೆಚ್ಚಿನವು ಕೆಂಪು ದೀಪ ದಾಟಿದ್ದಕ್ಕೆ ಬಂದವು. ತಪ್ಪು ತಮ್ಮದೇ ಎಂದು ಒಪ್ಪಿ ದಂಡ ಕಟ್ಟಿದವರೂ ಇವರಲ್ಲಿದ್ದಾರೆ, ಅವರ ವಿಷಯದಲ್ಲಿ ನಮ್ಮ ತಕರಾರಿಲ್ಲ. ಉಳಿದವುಗಳಲ್ಲಿ ಕೆಲವನ್ನು ನೋಡಿದರೆ ಮಾತ್ರ ಸುಮ್ಮನಿರಲು ಮನಸ್ಸು ಒಪ್ಪುವುದಿಲ್ಲ. ಕಾರ್ಯಕಾರಿ ಸಮಿತಿ ಸಿದ್ಧಪಡಿಸಿರುವ ಮನವಿಯ ಕರಡಿನಲ್ಲಿ ಒಂದೇ ಬೇಡಿಕೆ ಇದೆ: ಈ ಕ್ಯಾಮೆರಾವನ್ನು ಕೂಡಲೇ ತೆರವುಗೊಳಿಸಬೇಕು. ಭಾನುವಾರದ ಸಭೆಯಲ್ಲಿ ಸಹಿ ಸಂಗ್ರಹಿಸುವ ಮುನ್ನ ತಮ್ಮ ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.

ಆಟೊ ಚಾಲಕರು, 7ನೇ ಅಡ್ಡರಸ್ತೆ (ಸೋಮವಾರ, ರಾತ್ರಿ 9.25)

ನನಗೆ ಬಂದ ನೋಟಿಸ್‌ನಲ್ಲಿ ಹೆಲ್ಮೆಟ್ ಧರಿಸಿಲ್ಲವೆಂದು ಬರೆದು 500 ರೂಪಾಯಿ ದಂಡ ಹಾಕಿದ್ದಾರೆ. ನಾನು ಓಡಿಸುವುದು ಆಟೊ. ಜೊತೆಗಿದ್ದ ಚಿತ್ರದಲ್ಲಿ ಕಾಣುವುದು ಯಾರದೋ ಸ್ಕೂಟರ್. ಅದರ ನಂಬರ್ ಪ್ಲೇಟ್‌ನ ಕೊನೆಯ ಅಂಕಿಯ ಮೇಲೆ ಕೆಸರು ಮೆತ್ತಿಕೊಂಡು 3 ಎಂಬುದು 8ರಂತೆ ಕಾಣುತ್ತಿದೆ. ಇದನ್ನು ಹೇಳಲು ಹೋದಾಗ ಮೊದಲ ದಿನ ಸಂಬಂಧಪಟ್ಟವರು ಇಲ್ಲವೆಂದರು, ಎರಡನೆಯ ದಿನ ಅರ್ಜಿ ಬರೆದುಕೊಂಡು ಬರಲು ಹೇಳಿದರು. ಮೂರನೆಯ ದಿನ ಚಿತ್ರ ನೋಡಿದ ಸಿಬ್ಬಂದಿ ಒಂದು ನಿಮಿಷದಲ್ಲಿ ತಪ್ಪನ್ನು ಒಪ್ಪಿಕೊಂಡರು. ಆ ಒಂದು ನಿಮಿಷಕ್ಕಾಗಿ ನಾನು ಮೂರು ಬೆಳಗಿನ ಬಾಡಿಗೆ ಕಳೆದುಕೊಂಡೆ, ಶಾಲಾ ಮಕ್ಕಳನ್ನು ಬಿಡುವ ಕಾಯಂ ಬಾಡಿಗೆಗೆ ಬೇರೆಯವರನ್ನು ಬೇಡಿ ಕಳುಹಿಸಬೇಕಾಯಿತು. 500 ರೂಪಾಯಿ ಕಟ್ಟಿ ಸುಮ್ಮನಿದ್ದಿದ್ದರೆ ನನಗೆ ನಷ್ಟ ಕಡಿಮೆಯಾಗುತ್ತಿತ್ತು. ಆದರೆ ಮಾಡದ ತಪ್ಪನ್ನು ನನ್ನ ಹೆಸರಿನಲ್ಲಿ ಒಪ್ಪಿಕೊಳ್ಳಲು ನನ್ನಿಂದ ಆಗಲಿಲ್ಲ.

ಬ್ಯಾಂಕ್ ಉದ್ಯೋಗಿ, 1ನೇ ಮುಖ್ಯರಸ್ತೆ (ಮಂಗಳವಾರ, ಬೆಳಿಗ್ಗೆ 7.10)

ನನ್ನ ಪ್ರಕರಣದಲ್ಲಿ ಸೀಟ್ ಬೆಲ್ಟ್ ಧರಿಸಿಲ್ಲವೆಂಬ ಆರೋಪ. ಅಂದು ನಾನು ಕಪ್ಪು ಸ್ವೆಟರ್ ತೊಟ್ಟಿದ್ದೆ, ಬೆಲ್ಟ್ ಸಹ ಕಪ್ಪು ಬಣ್ಣದ್ದು. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಭುಜದ ಬಳಿ ಬೆಲ್ಟ್‌ನ ಅಂಚು ತೆಳುವಾಗಿ ಕಾಣುತ್ತದೆ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ನೋಟಿಸ್‌ಗಳು ಬಂದ ರೀತಿ. ಎರಡು ತಿಂಗಳ ಅಂತರದಲ್ಲಿ ನಡೆದವೆನ್ನಲಾದ ನಾಲ್ಕು ಉಲ್ಲಂಘನೆಗಳ ನೋಟಿಸ್‌ಗಳು ಒಂದೇ ದಿನ ಬಂದವು. ಮೊದಲನೆಯದು ಆ ವಾರವೇ ಬಂದಿದ್ದರೆ ಸಿಗ್ನಲ್‌ನ ಬಳಿ ನಾನು ಎಲ್ಲಿ ಎಡವುತ್ತಿದ್ದೇನೆ ಎಂದು ತಿಳಿದು ತಿದ್ದಿಕೊಳ್ಳುತ್ತಿದ್ದೆ. 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಗಳ ಮೇಲೆ ಸರ್ಕಾರ ಶೇ 50ರ ರಿಯಾಯಿತಿ ಕೊಟ್ಟದ್ದು ಎಲ್ಲರಿಗೂ ನೆನಪಿರಬಹುದು. ಜನ ಸಾಲುಗಟ್ಟಿ ನಿಂತು ಕಟ್ಟಿದರು. ತಪ್ಪು ಮಾಡಿದ ತಿಂಗಳುಗಟ್ಟಲೆ ನಂತರ, ಅರ್ಧ ಬೆಲೆಗೆ ತೀರುವ ದಂಡದಿಂದ ಯಾರ ಚಾಲನೆಯೂ ಸುಧಾರಿಸಲಾರದು ಎಂಬುದು ನನ್ನ ದೃಢ ಅಭಿಪ್ರಾಯ. ಕ್ಯಾಮೆರಾ ತೆರವಿಗೆ ನನ್ನ ಸಹಿ ಇದೆ.

ಗೃಹಿಣಿ, 4ನೇ ಅಡ್ಡರಸ್ತೆ (ಮಂಗಳವಾರ, ಬೆಳಿಗ್ಗೆ 11.30)

ಕಾರ್ಯದರ್ಶಿಗಳೇ, ಕರಡು ಈಗಿರುವಂತೆಯೇ ಇದ್ದರೆ ನಾನು ಸಹಿ ಹಾಕುವುದಿಲ್ಲ.

ಎರಡು ವರ್ಷಗಳ ಹಿಂದೆ ಇದೇ ಸಿಗ್ನಲ್‌ನಲ್ಲಿ ನನ್ನ ಅತ್ತೆಯವರು ರಸ್ತೆ ದಾಟುತ್ತಿದ್ದಾಗ ಕೆಂಪು ದೀಪ ಲೆಕ್ಕಿಸದೆ ಬಂದ ಬೈಕ್ ಬಡಿದು ಅವರ ಸೊಂಟದ ಮೂಳೆ ಮುರಿಯಿತು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ದಿನ ಅವರ ಚೀಲದಲ್ಲಿದ್ದ ಸೊಪ್ಪಿನ ಕಟ್ಟುಗಳನ್ನು ಹೂವಿನ ಅಂಗಡಿಯವರು ಆರಿಸಿ ತಂದುಕೊಟ್ಟಿದ್ದರು. ಬೈಕ್ ಸವಾರ ಯಾರೆಂಬುದು ಇಂದಿಗೂ ತಿಳಿದಿಲ್ಲ, ಏಕೆಂದರೆ ಆಗ ಅಲ್ಲಿ ಕ್ಯಾಮೆರಾ ಇರಲಿಲ್ಲ. ಈಗ ಬೆಳಿಗ್ಗೆ ಹಾಲು ತರಲು ಹೋದಾಗ ಗಮನಿಸುತ್ತೇನೆ: ಮೊದಲು ಕೆಂಪು ದೀಪವಿದ್ದರೂ ಜೀಬ್ರಾ ಪಟ್ಟಿಯ ಮೇಲೆ ಹರಿದು ಹೋಗುತ್ತಿದ್ದ ಟೆಂಪೊಗಳು ಈಗ ನಿಲ್ಲುತ್ತವೆ. ಆಟೊ ಅಣ್ಣನವರಿಗೆ ಆದದ್ದು ಅನ್ಯಾಯವೇ, ಅದನ್ನು ಸರಿಪಡಿಸಲು ನಾನೂ ಜೊತೆಗಿದ್ದೇನೆ. ಆದರೆ ಆ ಅನ್ಯಾಯಕ್ಕೆ ಕ್ಯಾಮೆರಾ ಕಿತ್ತುಹಾಕುವುದೇ ಪರಿಹಾರವೆಂದು ಬರೆದರೆ, ನಡೆದು ಹೋಗುವವರ ಹೆಸರು ಆ ಮನವಿಯಲ್ಲಿ ಇರಬಾರದು.

ವಕೀಲರು, 5ನೇ ಅಡ್ಡರಸ್ತೆ (ಮಂಗಳವಾರ, ರಾತ್ರಿ 10.05)

4ನೇ ಅಡ್ಡರಸ್ತೆಯ ಮೇಡಂ ಹೇಳಿದ್ದು ನ್ಯಾಯದ ದೃಷ್ಟಿಯಿಂದಲೂ ಸರಿ, ಕಾನೂನಿನ ದೃಷ್ಟಿಯಿಂದಲೂ ಸರಿ. 'ತೆರವುಗೊಳಿಸಿ' ಎಂಬ ಬೇಡಿಕೆ ಒಂದು ದಿನವೂ ನಿಲ್ಲಲಾರದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 136ಎ ಕಲಂ ರಸ್ತೆಗಳ ಮೇಲೆ ಎಲೆಕ್ಟ್ರಾನಿಕ್ ನಿಗಾ ಇಡುವ ಹೊಣೆಯನ್ನು ರಾಜ್ಯ ಸರ್ಕಾರಕ್ಕೆ ವಹಿಸಿದೆ. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಸುರಕ್ಷತೆಗಾಗಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರಲ್ಲಿ ಈ ಕಲಂ ಅನ್ನು ಜಾರಿಗೆ ತರುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿದೆ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ, ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾಗಳು ಮತ್ತು ಕೆಂಪು ದೀಪದ ಉಲ್ಲಂಘನೆ ಹಿಡಿಯುವ 80 ಕ್ಯಾಮೆರಾಗಳೊಂದಿಗೆ ಆರಂಭವಾದ ವ್ಯವಸ್ಥೆ ಹಿಂದಕ್ಕೆ ಹೋಗುವ ಲಕ್ಷಣವೇ ಇಲ್ಲ. ನಮ್ಮ ಊರಿನಲ್ಲೂ ಹೋಗದು.

ನಮಗೆ ಆಸರೆಯಾಗಬಲ್ಲದ್ದು ಬೇರೊಂದಿದೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಲಾದ 167ಎ ನಿಯಮ ಕ್ಯಾಮೆರಾಕ್ಕೂ ಕಟ್ಟುಪಾಡುಗಳನ್ನು ವಿಧಿಸಿದೆ. ಉಪಕರಣಕ್ಕೆ ರಾಜ್ಯ ಸರ್ಕಾರ ನೇಮಿಸಿದ ಪ್ರಾಧಿಕಾರದ ಅನುಮೋದನೆ ಪತ್ರವಿರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಇಲ್ಲಿ ಕ್ಯಾಮೆರಾ ಇದೆ ಎಂಬ ಎಚ್ಚರಿಕೆ ಫಲಕ ಎದ್ದು ಕಾಣುವಂತೆ ಮುಂಚಿತವಾಗಿಯೇ ಇರಬೇಕು. ನಮ್ಮಲ್ಲಿ ಆ ಫಲಕ ಹೊಂಗೆಮರದ ಕೊಂಬೆಗಳ ಹಿಂದಿದೆ, ಮರದ ಬುಡದಲ್ಲಿ ನಿಂತು ತಲೆ ಎತ್ತಿದರೆ ಮಾತ್ರ ಕಾಣುತ್ತದೆ. ನೋಟಿಸ್‌ನೊಂದಿಗೆ ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ಉಪಕರಣ ದಾಖಲಿಸಿದ ಅಳತೆ, ದಿನಾಂಕ, ಸಮಯ, ಸ್ಥಳ, ಉಲ್ಲಂಘನೆಯಾದ ಕಲಂ ಇವೆಲ್ಲ ಇರಬೇಕು. ಜೊತೆಗೆ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರವಿರಬೇಕು. ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಂನಲ್ಲಿದ್ದ ಈ ವಿಷಯ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಲ್ಲಿದೆ. ಬ್ಯಾಂಕ್‌ನ ಸ್ನೇಹಿತರು ಗಮನಿಸಬೇಕಾದ ಮಾತೆಂದರೆ, ಉಲ್ಲಂಘನೆ ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕೆಂದು ಇದೇ ನಿಯಮ ಹೇಳುತ್ತದೆ. ಇಪ್ಪತ್ತಾರು ಮನೆಗಳ ನೋಟಿಸ್‌ಗಳನ್ನು ಈ ಅಳತೆಗೋಲಿನಿಂದ ಒಂದೊಂದಾಗಿ ನೋಡಲು ನಾನು ಸಿದ್ಧನಿದ್ದೇನೆ; ಶುಲ್ಕದ ಮಾತು ಬೇಡ.

ನಿವೃತ್ತ ಎಂಜಿನಿಯರ್, 6ನೇ ಅಡ್ಡರಸ್ತೆ (ಬುಧವಾರ, ಬೆಳಿಗ್ಗೆ 9.15)

ವಕೀಲರು ಕಾಗದಪತ್ರದ ಕಡೆಯಿಂದ ಹೇಳಿದರು, ನಾನು ರಸ್ತೆಯ ಕಡೆಯಿಂದ ಹೇಳುತ್ತೇನೆ. ನಮ್ಮ ನಿಜವಾದ ಸಮಸ್ಯೆ ಹಳದಿ ದೀಪ.

ನಿನ್ನೆ ಮತ್ತು ಇಂದು ಮುಂಜಾನೆ ಆ ಸಿಗ್ನಲ್ ಅನ್ನು ಮೊಬೈಲ್‌ನಲ್ಲಿ ಇಪ್ಪತ್ತು ಬಾರಿ ಚಿತ್ರೀಕರಿಸಿ, ಸೆಕೆಂಡಿಗೆ 30 ಚಿತ್ರಗಳ ಲೆಕ್ಕದಲ್ಲಿ ಒಂದೊಂದನ್ನೂ ಎಣಿಸಿದೆ. ಹಳದಿ ಉರಿಯುವುದು ಪ್ರತಿ ಬಾರಿಯೂ 60 ಅಥವಾ 61 ಚಿತ್ರಗಳಷ್ಟು ಹೊತ್ತು, ಅಂದರೆ ಎರಡೇ ಸೆಕೆಂಡು. ಅಲ್ಲಿನ ವೇಗಮಿತಿ ಗಂಟೆಗೆ 50 ಕಿಲೋಮೀಟರ್. ಮಿತಿಯೊಳಗೇ ಬರುವ ವಾಹನ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಹಳದಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆ. ಆಮೇಲೆ ಹಿಂದಿನವರು ಬಂದು ಗುದ್ದದಂತೆ, ಕುಳಿತವರು ಮುಗ್ಗರಿಸದಂತೆ ನಿಲ್ಲಿಸಲು ಇನ್ನೂ 32 ಮೀಟರ್ ಬೇಕು. ಒಟ್ಟು 46 ಮೀಟರ್. ಎರಡು ಸೆಕೆಂಡಿನಲ್ಲಿ ಅದೇ ವೇಗದಲ್ಲಿ ಮುಂದೆ ಹೋದರೆ ಕ್ರಮಿಸಬಹುದಾದದ್ದು 28 ಮೀಟರ್ ಮಾತ್ರ. ಹಾಗಾದರೆ ಹಳದಿ ಬಿದ್ದ ಕ್ಷಣದಲ್ಲಿ ಗೆರೆಯಿಂದ 28 ಮೀಟರಿಗೂ 46 ಮೀಟರಿಗೂ ನಡುವೆ ಇರುವ ಚಾಲಕ ಏನು ಮಾಡಬೇಕು? ಆತ ಸರಿಯಾಗಿ ನಿಲ್ಲಿಸಲಾರ, ಕೆಂಪು ಬೀಳುವ ಮೊದಲು ಗೆರೆಯನ್ನು ತಲುಪಲೂ ಆರ.

ಅಳಿಯನನ್ನು ಕರೆದುಕೊಂಡು ಹೋಗಿ, ಟೇಪ್ ಹಿಡಿದು ಆ ಹದಿನೆಂಟು ಮೀಟರನ್ನು ರಸ್ತೆಯ ಅಂಚಿನಲ್ಲಿ ಸುಣ್ಣದಿಂದ ಗುರುತಿಸಿ ಬಂದಿದ್ದೇನೆ. ಎಳನೀರಿನ ಗಾಡಿಯಿಂದ ಆರಂಭವಾಗಿ ಔಷಧಿ ಅಂಗಡಿಯ ಮೆಟ್ಟಿಲವರೆಗೆ ಅದು ಇದೆ. ಯಾರು ಬೇಕಾದರೂ ಹೋಗಿ ನಿಂತು ನೋಡಬಹುದು: ಹಳದಿ ಬಿದ್ದಾಗ ಅಷ್ಟರೊಳಗೆ ಇದ್ದ ಬೈಕ್‌ಗಳಲ್ಲಿ ಕೆಲವು ಚೀರುತ್ತಾ ನಿಲ್ಲುತ್ತವೆ, ಉಳಿದವು ವೇಗ ಹೆಚ್ಚಿಸಿ ದಾಟುತ್ತವೆ. ಹೀಗೆ ಹೆದರಿ ವೇಗ ಹೆಚ್ಚಿಸಿದ ವಾಹನವೇ ಮೇಡಂ ಅವರ ಅತ್ತೆಯಂಥವರಿಗೆ ಎಲ್ಲಕ್ಕಿಂತ ಅಪಾಯಕಾರಿ. ಅದೇ ಲೆಕ್ಕದ ಪ್ರಕಾರ ಇಲ್ಲಿ ಹಳದಿ ಕನಿಷ್ಠ 3.3 ಸೆಕೆಂಡು ಇರಬೇಕು. ಮಳೆಯಲ್ಲಿ, ಅಥವಾ ನಿಂತ ಪ್ರಯಾಣಿಕರಿಂದ ತುಂಬಿದ ಬಸ್ಸಿಗೆ, ಅದೂ ಸಾಲದು.

ಈ ಸೂತ್ರ ನನ್ನದಲ್ಲ. ಗೇಜಿಸ್, ಹರ್ಮನ್, ಮ್ಯಾರಡುಡಿನ್ ಎಂಬ ಮೂವರು ವಿಜ್ಞಾನಿಗಳು 1960ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಅಮೆರಿಕದ ಆರೆಗಾನ್ ರಾಜ್ಯದ ಬೀವರ್ಟನ್ ಎಂಬ ಊರಿನಲ್ಲಿ 2013ರಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರಾಮ್ ಎಂಬುವರ ಪತ್ನಿಗೆ ಇಂಥದೇ ಕ್ಯಾಮೆರಾದಿಂದ ದಂಡದ ನೋಟಿಸ್ ಬಂತು. ತಿರುವು ತೆಗೆದುಕೊಳ್ಳುವ ವಾಹನ ನಿಧಾನಿಸುವುದರಿಂದ ಅದಕ್ಕೆ ಹಳದಿ ಇನ್ನಷ್ಟು ಹೊತ್ತು ಬೇಕೆಂದು ಆತ ಗಣಿತ ಹಾಕಿ ತೋರಿಸಿದರೆ, ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದೀರಿ ಎಂದು ಅಲ್ಲಿನ ಎಂಜಿನಿಯರಿಂಗ್ ಮಂಡಳಿ ಆತನಿಗೇ 500 ಡಾಲರ್ ದಂಡ ಹಾಕಿತು. ಆತ ಬಿಡಲಿಲ್ಲ, 2018ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಆತನ ಪರ ತೀರ್ಪು ಕೊಟ್ಟಿತು. 2020ರಲ್ಲಿ ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ತಿರುವಿನ ಲೆಕ್ಕವನ್ನು ಸೇರಿಸಿಕೊಂಡಿತು. ಮೂಲ ಸೂತ್ರ ಬರೆದವರಲ್ಲೊಬ್ಬರಾದ ಮ್ಯಾರಡುಡಿನ್ ಅವರೇ ಆತನ ಬೆಂಬಲಕ್ಕೆ ನಿಂತಿದ್ದರು. ನಮ್ಮ ಸಿಗ್ನಲ್‌ನಲ್ಲೂ ತಿರುಗುವವರೇ ಹೆಚ್ಚು ಎಂಬುದನ್ನು ಮರೆಯಬಾರದು.

ಬ್ಯಾಂಕ್ ಉದ್ಯೋಗಿ, 1ನೇ ಮುಖ್ಯರಸ್ತೆ (ಬುಧವಾರ, ಸಂಜೆ 7.50)

ಬ್ಯಾಂಕಿನಿಂದ ಬರುವಾಗ ಆ ಸುಣ್ಣದ ಗುರುತುಗಳ ಬಳಿ ಅರ್ಧ ಗಂಟೆ ನಿಂತಿದ್ದೆ. ನನ್ನ ನಾಲ್ಕು ನೋಟಿಸ್‌ಗಳಲ್ಲಿ ಎರಡು ಕೆಂಪು ದೀಪದವು. ಅವುಗಳಲ್ಲಿ ಒಂದರ ಸಮಯ ನೋಡಿದರೆ ಕೆಂಪು ಬಿದ್ದು ಒಂದು ಸೆಕೆಂಡೂ ಆಗಿರಲಿಲ್ಲ. ಇನ್ನೊಂದರಲ್ಲಿ ನಾಲ್ಕು ಸೆಕೆಂಡು ಕಳೆದಿತ್ತು, ಅದು ನನ್ನದೇ ತಪ್ಪು, ಅದರ ದಂಡವನ್ನು ಇಂದೇ ಕಟ್ಟಿದ್ದೇನೆ. ತೆರವಿಗೆ ಸಹಿ ಮಾಡುವೆನೆಂದು ಮಂಗಳವಾರ ಬರೆದ ಮಾತನ್ನು ಹಿಂಪಡೆಯುತ್ತೇನೆ.

ಸಂಘದ ಕಾರ್ಯದರ್ಶಿ, 2ನೇ ಅಡ್ಡರಸ್ತೆ (ಗುರುವಾರ, ರಾತ್ರಿ 9.00)

ಎಲ್ಲರ ಮಾತನ್ನೂ ಸಮಿತಿ ಪರಿಗಣಿಸಿದೆ. ತೆರವಿನ ಬೇಡಿಕೆಯನ್ನು ಕೈಬಿಟ್ಟು ಕರಡನ್ನು ಹೊಸದಾಗಿ ಬರೆದಿದ್ದೇವೆ. ಹಳದಿ ದೀಪದ ಅವಧಿಯನ್ನು ವೇಗಮಿತಿಗೆ ತಕ್ಕಂತೆ ಹೆಚ್ಚಿಸಬೇಕು, ಮಾಸಿಹೋದ ನಿಲುಗಡೆ ಗೆರೆಗೆ ಮತ್ತೆ ಬಣ್ಣ ಹಾಕಬೇಕು, ಎಚ್ಚರಿಕೆ ಫಲಕವನ್ನು ಮರದ ಮುಂದಕ್ಕೆ ತರಬೇಕು, 15 ದಿನಗಳ ನಂತರ ಕಳುಹಿಸಿದ ಹಾಗೂ ಚಿತ್ರ ಅಸ್ಪಷ್ಟವಿರುವ ನೋಟಿಸ್‌ಗಳನ್ನು ಹಿಂಪಡೆಯಬೇಕು, ತಪ್ಪು ನೋಟಿಸ್ ಬಂದವರು ಕೆಲಸ ಬಿಟ್ಟು ಅಲೆಯದಂತೆ ವಾರದಲ್ಲಿ ಒಂದು ಸಂಜೆ ನಮ್ಮ ಬಡಾವಣೆಯ ಹತ್ತಿರವೇ ಅಹವಾಲು ಕೇಳಬೇಕು ಎಂದು ಕೋರಿದ್ದೇವೆ. ಈ ಕೊನೆಯದನ್ನು ಆಟೊ ಚಾಲಕ ಸಹೋದರರ ಮೂರು ಬೆಳಗುಗಳನ್ನು ನೆನೆದೇ ಸೇರಿಸಿದ್ದೇವೆ.

ಮನವಿಯ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಗಳನ್ನೂ ಹಾಕೋಣವೆಂದು ವಕೀಲರು ಸೂಚಿಸಿದ್ದಾರೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. ಶುಲ್ಕ 10 ರೂಪಾಯಿ. ಆದ್ದರಿಂದ ಕ್ಯಾಮೆರಾದ ಅನುಮೋದನೆ ಪತ್ರ ಮತ್ತು ಅದರ ನವೀಕರಣಕ್ಕೆ ಒಂದು, ಸಿಗ್ನಲ್‌ನ ಹಳದಿ ಅವಧಿಯನ್ನು ಯಾರು ಯಾವ ಆಧಾರದ ಮೇಲೆ ನಿಗದಿಪಡಿಸಿದರು ಎಂಬುದಕ್ಕೆ ಒಂದು, ಈ ಸಿಗ್ನಲ್‌ನಲ್ಲಿ ಹೊರಡಿಸಿದ ಹಾಗೂ ರದ್ದುಪಡಿಸಿದ ನೋಟಿಸ್‌ಗಳ ಸಂಖ್ಯೆಗೆ ಒಂದು, ಹೀಗೆ ಮೂರು ಅರ್ಜಿಗಳು ಬೇಕಾಗುತ್ತವೆ. ಮೂವರು ಒಂದೊಂದನ್ನು ಹಾಕೋಣ. 30 ದಿನಗಳಲ್ಲಿ ಉತ್ತರ ಬರಬೇಕು. ಮುಂದೆ ಬರುವವರು ಹೆಸರು ಕೊಡಿ. ಭಾನುವಾರ ಬೆಳಿಗ್ಗೆ 6.30ಕ್ಕೆ ಎಲ್ಲರೂ ಎಳನೀರಿನ ಗಾಡಿಯ ಬಳಿ ಸೇರಿ, ಅಳತೆಯನ್ನು ಸಾಕ್ಷಿಗಳೆದುರು ಮತ್ತೊಮ್ಮೆ ಮಾಡಿ, ಅಲ್ಲಿಂದ ಗಣಪತಿ ದೇವಸ್ಥಾನದ ಸಭಾಂಗಣಕ್ಕೆ ಬರೋಣ.

ಆಟೊ ಚಾಲಕರು, 7ನೇ ಅಡ್ಡರಸ್ತೆ (ಗುರುವಾರ, ರಾತ್ರಿ 9.35)

ಮೂರನೆಯ ಅರ್ಜಿಗೆ ನನ್ನ ಹೆಸರು ಬರೆದುಕೊಳ್ಳಿ.

ಗೃಹಿಣಿ, 4ನೇ ಅಡ್ಡರಸ್ತೆ (ಗುರುವಾರ, ರಾತ್ರಿ 10.10)

ಹೊಸ ಕರಡನ್ನು ಅತ್ತೆಯವರಿಗೆ ಓದಿ ಹೇಳಿದೆ. ಸಹಿ ಹಾಕುತ್ತೇವೆ, ಇಬ್ಬರೂ. ಒಂದು ಅಂಶವನ್ನು ಸೇರಿಸಿಕೊಳ್ಳಬೇಕೆಂದು ವಿನಂತಿ: ನಡೆದು ದಾಟುವವರಿಗೆ ಹಸಿರು ಉರಿಯುವುದು ಅಲ್ಲಿ ಹನ್ನೆರಡು ಸೆಕೆಂಡು ಮಾತ್ರ. ಅಷ್ಟರಲ್ಲಿ ನಾನು ದಾಟುತ್ತೇನೆ. ಕೋಲು ಹಿಡಿದು ನಡೆಯುವ ಅತ್ತೆಯವರು ರಸ್ತೆಯ ನಡುವಿನ ವಿಭಜಕವನ್ನು ಮುಟ್ಟುವಷ್ಟರಲ್ಲಿ ಅದು ಮುಗಿದಿರುತ್ತದೆ. ವಾಹನಗಳಿಗೆ ಅಳತೆ ಮಾಡಿದ ಹಾಗೆ ಇದನ್ನೂ ಅಳೆಯಬೇಕು. ಎಂಜಿನಿಯರ್ ಸರ್, ಭಾನುವಾರ ತಮ್ಮ ಮೊಬೈಲ್ ತನ್ನಿ. ಅತ್ತೆಯವರು ತಾವೇ ಬಂದು ದಾಟಿ ತೋರಿಸುವುದಾಗಿ ಹೇಳಿದ್ದಾರೆ, ನಾನು ಪಕ್ಕದಲ್ಲಿ ಇರುತ್ತೇನೆ.