ಊಟಿ ಕಡೆಯ ಇಂಟರ್‌ನ್ಯಾಷನಲ್ ಬೋರ್ಡಿಂಗ್ ಸ್ಕೂಲ್: ಓದು ಹೇಗಿದೆ, ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ತಿಳಿಯೋದು ಹೇಗೆ?

ಮಸ್ಕತ್ ಅಮ್ಮ

ಎಲ್ಲರಿಗೂ ನಮಸ್ಕಾರ. ನಾನು ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಊರು ಶಿವಮೊಗ್ಗದ ಹತ್ತಿರ. ನಮ್ಮ ಯಜಮಾನರಿಗೆ ಮರುಭೂಮಿಯ ಆಯಿಲ್ ಫೀಲ್ಡಿಗೆ ವರ್ಗ ಆಗಿದೆ. ನನಗೆ ನೈಟ್ ಡ್ಯೂಟಿ ತಪ್ಪುವುದಿಲ್ಲ. ಹನ್ನೆರಡು ವರ್ಷದ ಮಗಳನ್ನು ರಾತ್ರಿ ಫ್ಲ್ಯಾಟಿನಲ್ಲಿ ಒಬ್ಬಳನ್ನೇ ಬಿಡೋಕಾಗಲ್ಲ. ಅದಕ್ಕೇ ಮುಂದಿನ ವರ್ಷ ಎಂಟನೇ ಕ್ಲಾಸಿಗೆ ಊಟಿ ಕಡೆ ಬೋರ್ಡಿಂಗ್‌ಗೆ ಸೇರಿಸೋಣ ಅಂತ ಯೋಚನೆ. ನನ್ನ ತಂಗಿ ಮೈಸೂರಿನಲ್ಲಿದ್ದಾಳೆ, ಅವಳೇ ಲೋಕಲ್ ಗಾರ್ಡಿಯನ್ ಆಗುತ್ತಾಳೆ.

ಬ್ರೋಷರ್‌ನಲ್ಲಿ ಈಜುಕೊಳ, ಕುದುರೆ ಸವಾರಿ, ಪಿಯಾನೋ ಎಲ್ಲಾ ಇದೆ. ಅಡ್ಮಿಷನ್ ಆಫೀಸಿನವರು ವಿಡಿಯೋ ಕಾಲ್‌ನಲ್ಲಿ ಚೆನ್ನಾಗಿಯೇ ಮಾತಾಡಿದರು. ಆದರೆ ಏನು ಕೇಳಿದರೂ "ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ ಮೇಡಂ" ಅನ್ನುವುದೇ ಉತ್ತರ. ಓದು, ಆರೈಕೆ ಎರಡೂ ನಿಜಕ್ಕೂ ಹೇಗಿದೆ ಅಂತ ಹೊರಗಿನವರು ತಿಳಿಯೋದು ಹೇಗೆ? ಮಗಳಿಗೆ ಡಾಕ್ಟರ್ ಆಗುವ ಆಸೆ. ಈ ಜುಲೈನಲ್ಲಿ ರಜೆಗೆ ಬರುತ್ತೇನೆ, ಆಗ ಹೋಗಿ ನೋಡಬಹುದು.

ದಾವಣಗೆರೆ ಅಪ್ಪ

ಮೇಡಂ, ನನ್ನ ಮಗ ಬೆಂಗಳೂರಿನಲ್ಲಿ ಐಬಿ ಡಿಪ್ಲೊಮಾ ಮುಗಿಸಿದ. ಐಬಿ ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಇಂಥ ಹಲವು ಇಂಟರ್‌ನ್ಯಾಷನಲ್ ಸ್ಕೂಲುಗಳು ಅನುಸರಿಸುವ ವಿದೇಶಿ ಬೋರ್ಡ್; ಡಿಪ್ಲೊಮಾ ಅದರ ಹನ್ನೊಂದು-ಹನ್ನೆರಡನೇ ಕ್ಲಾಸಿನ ಕೋರ್ಸ್. ಓದಿನ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಐಬಿಯ ವೆಬ್‌ಸೈಟಿನಲ್ಲಿ ಸ್ಕೂಲಿನ ಹೆಸರು ಹುಡುಕಿ. ಯಾವ ಪ್ರೋಗ್ರಾಂಗೆ ಅನುಮತಿ ಇದೆ ಅಂತ ಅಲ್ಲೇ ಇರುತ್ತದೆ. ಅನುಮತಿ ಸಿಕ್ಕ ಸ್ಕೂಲುಗಳನ್ನು ಐದು ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುತ್ತಾರೆ. ಕಳೆದ ಸಲ ಏನು ತಿದ್ದಿಕೊಳ್ಳಲು ಹೇಳಿದ್ದರು ಅಂತ ಪ್ರಿನ್ಸಿಪಾಲರನ್ನೇ ಕೇಳಿ.

ರಿಸಲ್ಟ್ ವಿಷಯದಲ್ಲಿ ಫ್ಲೆಕ್ಸ್ ಮೇಲಿನ ಟಾಪರ್ ಫೋಟೋ ನೋಡಬೇಡಿ. ಡಿಪ್ಲೊಮಾ ಒಟ್ಟು 45 ಪಾಯಿಂಟ್‌ಗೆ, ಪಾಸಾಗಲು ಕನಿಷ್ಠ 24 ಬೇಕು. ಜಗತ್ತಿನ ಸರಾಸರಿ ಈಚೆಗೆ 30ರ ಆಸುಪಾಸಿನಲ್ಲಿದೆ. ಸ್ಕೂಲಿನ ಸರಾಸರಿ ಎಷ್ಟು ಅಂತ ಕೇಳಿ. ಜೊತೆಗೆ ಹನ್ನೊಂದನೇ ಕ್ಲಾಸಿಗೆ ಸೇರಿದವರಲ್ಲಿ ಎಷ್ಟು ಮಕ್ಕಳು ಪೂರ್ತಿ ಡಿಪ್ಲೊಮಾ ಬರೆದರು ಅಂತಲೂ ಕೇಳಿ. ಕಷ್ಟಪಡುವ ಮಕ್ಕಳಿಗೆ ಬರೀ ಬಿಡಿ ವಿಷಯಗಳ ಸರ್ಟಿಫಿಕೇಟ್ ಕೊಡಿಸಿದರೆ ಸರಾಸರಿ ತಾನಾಗಿ ಮೇಲೇಳುತ್ತದೆ.

ಇನ್ನೊಂದು, ಇದು ನಿಮಗೆ ಬಹಳ ಮುಖ್ಯ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಬೇಕು. ಐಬಿಯ ಮಾಮೂಲಿ ಆರು ವಿಷಯಗಳ ಹೊಂದಾಣಿಕೆಯಲ್ಲಿ ಇವುಗಳಲ್ಲಿ ಎರಡಕ್ಕೆ ಮಾತ್ರ ಜಾಗ. ಮೂರನ್ನೂ ತೆಗೆದುಕೊಳ್ಳಬೇಕೆಂದರೆ ಸ್ಕೂಲು ಐಬಿಯಿಂದ ವಿಶೇಷ ಒಪ್ಪಿಗೆ ತರಬೇಕು. ಮೊದಲು ಹಾಗೆ ಯಾರಿಗಾದರೂ ಮಾಡಿಸಿದ್ದಾರಾ ಅಂತ ಈಗಲೇ ಕೇಳಿ. ಕರ್ನಾಟಕದ ಸರ್ಕಾರಿ ಮೆಡಿಕಲ್ ಸೀಟಿಗೆ ಸಾಮಾನ್ಯವಾಗಿ ಇಲ್ಲಿ 7 ವರ್ಷ ಓದಿರಬೇಕು. ಊಟಿ ತಮಿಳುನಾಡು, ಆ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಹಳೇ ಹೌಸ್ ಮದರ್

ನಾನು ನೀಲಗಿರಿಯ ಒಂದು ಬೋರ್ಡಿಂಗ್ ಸ್ಕೂಲಿನಲ್ಲಿ ಬಹಳ ವರ್ಷ ಹುಡುಗಿಯರ ಹಾಸ್ಟೆಲ್ ನೋಡಿಕೊಂಡವಳು. ಈಗ ನಿವೃತ್ತಿಯಾಗಿ ನಂಜನಗೂಡಿನಲ್ಲಿದ್ದೇನೆ. ಓದಿನ ಬಗ್ಗೆ ಅವರು ಹೇಳಿದ್ದು ಸರಿಯಾಗಿದೆ. ನಾನು ಸಂಜೆ ನಾಲ್ಕರಿಂದ ಬೆಳಗ್ಗೆ ಏಳರವರೆಗಿನ ಮಾತು ಹೇಳುತ್ತೇನಮ್ಮ. ಶಾಲೆ ಎಂಥದು ಅನ್ನೋದು ಆ ಹೊತ್ತಿನಲ್ಲೇ ಗೊತ್ತಾಗುತ್ತದೆ.

ಜುಲೈನಲ್ಲಿ ಹೋಗುತ್ತೀರಲ್ಲ, ಒಳ್ಳೆಯದು. ಮೇ ಸೀಸನ್ನಿನಲ್ಲಿ ಊಟಿ ಎಲ್ಲರಿಗೂ ಚೆಂದ. ಜುಲೈನಲ್ಲಿ ಬಿಡದೆ ಮಳೆ, ಚಳಿ, ಬಟ್ಟೆ ಒಣಗುವುದಿಲ್ಲ. ಹಾಸ್ಟೆಲ್ ಒಳಗೆ ಹೋದ ತಕ್ಷಣ ಬಟ್ಟೆ ಒಣಗಿಸುವ ರೂಮ್ ಎಲ್ಲಿ ಅಂತ ಕೇಳಿ. ಒದ್ದೆ ಸಾಕ್ಸ್ ಮಂಚದ ಕಂಬಿಗೆ ನೇತು ಹಾಕಿದ್ದರೆ ಮಕ್ಕಳು ತಮ್ಮ ಪಾಡಿಗೆ ತಾವಿದ್ದಾರೆ ಅಂತ ಅರ್ಥ. ಒಬ್ಬ ಆಯಾ ಹೆಸರು ನೋಡಿ ಬಟ್ಟೆ ಮಡಚಿ ಇಡುತ್ತಿದ್ದರೆ, ಆಕೆಯನ್ನು ಎರಡು ನಿಮಿಷ ಮಾತಾಡಿಸಿ. ಎಷ್ಟು ವರ್ಷದಿಂದ ಇದ್ದಾರೆ ಕೇಳಿ. ಹಾಸ್ಟೆಲ್ ಸಿಬ್ಬಂದಿ ವರ್ಷವರ್ಷವೂ ಬದಲಾಗುವ ಕಡೆ ಮಗುವಿನ ಸ್ವಭಾವ ಯಾರಿಗೂ ಗೊತ್ತಿರುವುದಿಲ್ಲ.

ಹೌಸ್ ಪೇರೆಂಟ್, ಅಂದರೆ ಹಾಸ್ಟೆಲ್ ಮಕ್ಕಳನ್ನು ನೋಡಿಕೊಳ್ಳುವವರು, ಎಲ್ಲಿ ಮಲಗುತ್ತಾರೆ ನೋಡಿ. ಅದೇ ಮಹಡಿಯಲ್ಲಾ, ಬೇರೆ ಕ್ವಾರ್ಟರ್ಸ್‌ನಲ್ಲಾ? ಹಗಲು ಪೂರ್ತಿ ಪಾಠ ಮಾಡಿ ರಾತ್ರಿ ಮಕ್ಕಳನ್ನೂ ಅವರೇ ನೋಡಬೇಕಾ? ಅವರ ರಜೆ ದಿನ ಯಾರು ಇರುತ್ತಾರೆ? ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಯಾವ ಬಾಗಿಲು ತಟ್ಟಬೇಕು? ಈ ಕೊನೆಯ ಪ್ರಶ್ನೆಯನ್ನು ದೊಡ್ಡವರಿಗಲ್ಲ, ಅಲ್ಲಿನ ಮಕ್ಕಳಿಗೇ ಕೇಳಿ. ಯೋಚನೆ ಮಾಡದೆ ಹೇಳಬೇಕು.

ನೀವು ನರ್ಸ್, ಸಿಕ್ ರೂಮ್ ನೋಡಲು ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ? ಯಾವ ಮಗು ಯಾಕೆ ಬಂತು ಅಂತ ಬರೆಯುವ ರಿಜಿಸ್ಟರ್ ಇದೆಯಾ, ಅದನ್ನು ಆಮೇಲೆ ಯಾರಾದರೂ ತಿರುಗಿ ಓದುತ್ತಾರಾ ಅಂತ ಕೇಳಿ. ನಮ್ಮಲ್ಲಿ ದುಬೈಯಿಂದ ಬಂದ ಒಂದು ಹುಡುಗಿ ಹೊಟ್ಟೆನೋವು ಅಂತ ಆಗಾಗ ಸಿಕ್ ರೂಮಿಗೆ ಹೋಗುತ್ತಿದ್ದಳು. ಡಾಕ್ಟರ್ ನೋಡಿದರೂ ಏನೂ ಸಿಗಲಿಲ್ಲ. ನಮ್ಮ ಸಿಸ್ಟರ್ ಒಂದು ದಿನ ರಿಜಿಸ್ಟರ್ ಹಾಳೆ ತಿರುವಿ ಹಾಕಿ, "ಇವಳು ಬರುವುದೆಲ್ಲ ಭಾನುವಾರ ಸಂಜೆಯೇ, ನೋಡಿ" ಅಂದರು. ಭಾನುವಾರ ನಾಲ್ಕು ಗಂಟೆಗೆ ಮನೆಗೆ ಫೋನ್ ಮಾಡುವ ಹೊತ್ತು. ಮಾತು ಮುಗಿದ ಮೇಲೆ ಊಟದವರೆಗೆ ಮಕ್ಕಳಿಗೆ ಬೇರೆ ಏನೂ ಕೆಲಸ ಇರುತ್ತಿರಲಿಲ್ಲ. ಅವಳ ಫೋನನ್ನು ಬೆಳಗ್ಗೆಗೆ ಬದಲಾಯಿಸಿದೆವು, ಸಂಜೆ ಅಡುಗೆಮನೆಯಲ್ಲಿ ಕೇಕ್ ಮಾಡುವ ಗುಂಪಿಗೆ ಸೇರಿಸಿದೆವು. ಅಳು ಪೂರ್ತಿ ನಿಂತಿತು ಅಂತ ಹೇಳಲ್ಲ. ಹೊಟ್ಟೆನೋವು ನಿಂತಿತು. ಔಷಧಿ ಕೊಟ್ಟು ಕಳಿಸುವುದು ಎಲ್ಲ ಕಡೆ ಇದೆ. ಹೀಗೆ ಗಮನಿಸುವವರು ಇದ್ದಾರಾ ಅಂತ ನೀವು ಹುಡುಕಬೇಕು.

ಮಗಳಿಗೆ ಹನ್ನೆರಡು ಅಂದಿರಿ. ಮೊದಲ ಸಲ ಮುಟ್ಟಾಗುವುದು ಅಲ್ಲೇ ಆಗಬಹುದು. ಆಗ ಯಾರ ಹತ್ತಿರ ಹೋಗಬೇಕು, ಪ್ಯಾಡ್ ಎಲ್ಲಿಟ್ಟಿರುತ್ತಾರೆ, ಕೇಳಿ ತೆಗೆದುಕೊಳ್ಳಬೇಕಾ ಸುಮ್ನೆ ತೆಗೆದುಕೊಳ್ಳಬಹುದಾ ಅಂತ ನೇರವಾಗಿ ಕೇಳಿ. ಸಂಕೋಚಪಡುವ ಹೌಸ್ ಪೇರೆಂಟ್ ಆದರೆ ನನಗೆ ಅನುಮಾನ.

ಮಕ್ಕಳ ಸುರಕ್ಷತೆ ಬಗ್ಗೆ ಪ್ರಿನ್ಸಿಪಾಲರನ್ನು ಕೇಳಿದಾಗ "ಏನಾದರೂ ಆದರೆ ನಾವು ಒಳಗೇ ಬಗೆಹರಿಸುತ್ತೇವೆ" ಅಂದರೆ ಎದ್ದು ಬನ್ನಿ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರದ್ದನ್ನು ತಿಳಿಸದೇ ಇದ್ದರೆ ಒಂದು ವರ್ಷದವರೆಗೆ ಜೈಲಾಗಬಹುದು. ಇದು ಅವರ ಬಾಯಿಂದಲೇ ಬರಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಹಾಸ್ಟೆಲ್ ಗೋಡೆ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಕಡೆ ಇದೆಯಾ ನೋಡಿ. ಆಫೀಸಿನ ನೋಟಿಸ್ ಬೋರ್ಡಿನಲ್ಲಿದ್ದರೆ ಏನು ಪ್ರಯೋಜನ?

ಮಣಿಪಾಲ್ ಹುಡುಗ

ನಾನೂ ಒಂದು ಬೋರ್ಡಿಂಗ್‌ನಲ್ಲಿ ಓದಿದವನೇ. ಆಂಟಿ ಹೇಳಿದ ಹಾಗೆ ಮಕ್ಕಳನ್ನು ಕೇಳಿ. ಆದರೆ ಸ್ಕೂಲಿನವರು ನಿಮಗೆ ಕ್ಯಾಂಪಸ್ ತೋರಿಸಲು ಕಳಿಸುವ ಪ್ರಿಫೆಕ್ಟ್‌ಗಳನ್ನಲ್ಲ (ವಿದ್ಯಾರ್ಥಿ ನಾಯಕರು), ಅವರು ಕಲಿತದ್ದನ್ನು ಒಪ್ಪಿಸುತ್ತಾರೆ. ಸ್ನ್ಯಾಕ್ಸ್ ಹೊತ್ತಿಗೆ ಮೆಸ್ ಹತ್ತಿರ ನಿಂತರೆ ಏಳನೇ ಕ್ಲಾಸಿನ ಚಿಕ್ಕ ಮಕ್ಕಳು ಸಿಗುತ್ತಾರೆ. ಸೀನಿಯರ್‌ಗಳ ಕೆಲಸ ನೀವು ಮಾಡಬೇಕಾ, ಅವರ ತಟ್ಟೆ ಎತ್ತಬೇಕಾ ಅಂತ ಕೇಳಿ. ನಮ್ಮಲ್ಲಿ ಶೂ ಪಾಲಿಶ್ ಕೂಡ ಮಾಡಿಸುತ್ತಿದ್ದರು. ಹೌಸ್ ಮಾಸ್ಟರ್‌ಗೆ ಗೊತ್ತಿದ್ದೂ ಸುಮ್ಮನಿದ್ದರು. ಅದು ನನಗೆ ಇವತ್ತಿಗೂ ನೋವು.

ಮಸ್ಕತ್ ಅಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ಮೂರು ಸೈನ್ಸ್ ವಿಷಯ ನನಗೆ ಗೊತ್ತೇ ಇರಲಿಲ್ಲ, ಇವತ್ತೇ ಮೇಲ್ ಹಾಕುತ್ತೇನೆ. ಅಮ್ಮಾ, ಒಂದು ಕೇಳಲಾ? ರಾತ್ರಿ ಏನಾದರೂ ಆದರೆ ತಂಗಿ ಮೈಸೂರಿನಿಂದ ಹೊರಡಬಹುದು ಅಂತ ಧೈರ್ಯ ಮಾಡಿಕೊಂಡಿದ್ದೇವೆ. ಅಷ್ಟು ಸಾಕಲ್ವಾ?

ಹಳೇ ಹೌಸ್ ಮದರ್

ರಾತ್ರಿಗೆ ಅದು ಸಾಕಾಗಲ್ಲಮ್ಮ. ಬಂಡೀಪುರದ ರಸ್ತೆ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಬಂದ್. ಒಂಬತ್ತರ ಮೇಲೆ ಫೋನ್ ಬಂದರೆ ನಿಮ್ಮ ತಂಗಿ ಬೆಳಗಾಗುವವರೆಗೆ ಗುಂಡ್ಲುಪೇಟೆ ಆಚೆ ದಾಟುವಂತಿಲ್ಲ. ದೊಡ್ಡ ಆಸ್ಪತ್ರೆ ಬೇಕಾದರೆ ಸ್ಕೂಲಿನವರೇ ಘಾಟಿ ಇಳಿದು ಕೊಯಮತ್ತೂರಿಗೆ ಕರೆದುಕೊಂಡು ಹೋಗಬೇಕು. ಕ್ಯಾಂಪಸ್ಸಿನಲ್ಲಿ ರಾತ್ರಿ ಗಾಡಿ, ಡ್ರೈವರ್ ಇರುತ್ತಾರಾ, ಮಗುವಿನ ಜೊತೆ ಯಾರು ಹೋಗುತ್ತಾರೆ, ನಿಮ್ಮ ಫೋನ್ ಸಿಗದಿದ್ದರೆ ಆಪರೇಷನ್‌ಗೆ ಸಹಿ ಯಾರು ಹಾಕುತ್ತಾರೆ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಿಮಗೂ ನೈಟ್ ಡ್ಯೂಟಿಯಲ್ಲಿ ಫೋನ್ ಎತ್ತೋಕಾಗಲ್ಲ ಅಲ್ವಾ? ನಿಮ್ಮ ವಾರ್ಡಿನ ಲ್ಯಾಂಡ್‌ಲೈನ್ ನಂಬರನ್ನೂ ಫಾರಂನಲ್ಲಿ ಬರೆಸಿ.