ಕಿಣ್ವನ, ಹುದುಗು, ಹುಳಿ: ಕರಪತ್ರದಲ್ಲಿ ಯಾವುದು?

ನಮಸ್ಕಾರ. ವಿಜಯಪುರ ಭಾಗದ ದನ, ಕೋಳಿ, ಹಂದಿ ಸಾಕುವವರಿಗೆ ಕಾಳಿನ ಆಹಾರದ ಬಗ್ಗೆ ಒಂದು ಕರಪತ್ರ ಸಿದ್ಧವಾಗುತ್ತಿದೆ. ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಒಡೆಯುವ ಕ್ರಿಯೆಗೆ, ಅಂದರೆ ಫರ್ಮೆಂಟೇಶನ್‌ಗೆ, ಯಾವ ಪದ ಇಡಬೇಕು ಎಂಬುದೇ ಪ್ರಶ್ನೆ. ಕರಡಿನಲ್ಲಿರುವ ಸಾಲು ಇದು: "ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಹಂದಿ, ಕೋಳಿಗಳ ಸಣ್ಣ ಕರುಳಿನಲ್ಲಿ ಇಲ್ಲದ್ದರಿಂದ ಕಡಲೆ, ತೊಗರಿಗಳ ರಾಫಿನೋಸ್, ಸ್ಟಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳು ಹಿಂದಿನ ಕರುಳಿಗೆ ಇಳಿದು ಕಿಣ್ವನಗೊಳ್ಳುತ್ತವೆ."

ಕಿಣ್ವ ಇಲ್ಲ, ಅದಕ್ಕೇ ಕಿಣ್ವನ! ಓದಿದವರು ಅಚ್ಚಿನ ತಪ್ಪು ಅಂದುಕೊಂಡಾರು. "ಹುದುಗುತ್ತವೆ" ಎಂದು ತಿದ್ದಿದರೆ ಕರುಳಿನಲ್ಲಿ ಎಲ್ಲೋ ಅಡಗಿ ಕೂರುತ್ತವೆ ಎಂಬ ಅರ್ಥ ಬರುತ್ತದೆ. ಜನರ ಬಾಯಲ್ಲಿ ಇರುವುದು "ಹುಳಿ ಬರತೈತಿ". ಅದನ್ನೇ ಇಡಬಹುದೇ? ಕಾರ್ಬೋಹೈಡ್ರೇಟಿಗೆ "ಶರ್ಕರಪಿಷ್ಟ" ಸರಿಯೇ?

ಬಾಗಲಕೋಟೆಯಿಂದ ಉತ್ತರ:

ಸರ, ಕಿಣ್ವನ ಕೈಬಿಡ್ರಿ. ಹುದುಗನ್ನು ಕ್ರಿಯಾಪದ ಮಾಡಬ್ಯಾಡ್ರಿ, ನಾಮಪದವಾಗಿ ಇಡ್ರಿ. ದೋಸೆಹಿಟ್ಟಿಗೆ "ಹುದುಗು ಬಂತು" ಅಂದಾಗ ಯಾರೂ ಅಡಗಿತು ಅಂತ ತಿಳಿಯುವುದಿಲ್ಲ.

"ಹುಳಿ" ರಸಾಯನದ ಲೆಕ್ಕದಲ್ಲಿ ಸುಳ್ಳಲ್ಲ. ಹಿಂದಿನ ಕರುಳಿನ ಬ್ಯಾಕ್ಟೀರಿಯಾ ಈ ಸಕ್ಕರೆಗಳಿಂದ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನೂ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಮುಂತಾದ ಅನಿಲಗಳನ್ನೂ ಮಾಡುತ್ತವೆ. ಆದರೆ ದನದ ವಿಷಯದಲ್ಲಿ "ಹುಳಿ" ಅಂದರೆ ರೋಗ. ಒಮ್ಮೆಲೇ ಹೆಚ್ಚು ಕಾಳು, ನುಚ್ಚು ತಿಂದರೆ ಪಿಷ್ಟ ಬೇಗ ಒಡೆದು ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ರೂಮೆನ್ನಿನ, ಅಂದರೆ ಮೊದಲ ಹೊಟ್ಟೆಯ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದು ಮೆಲುಕು ನಿಲ್ಲುತ್ತದೆ. ಆ ಪದವನ್ನು ಅದಕ್ಕೇ ಮೀಸಲಿಡ್ರಿ. ಪ್ರೋಟೀನ್ ಒಡೆದು ಅಮೋನಿಯ ಬರುವುದಕ್ಕೆ "ಕೊಳೆಯುವುದು" ಸಾಕು.

ಶರ್ಕರಪಿಷ್ಟ ಪಠ್ಯಪುಸ್ತಕದ್ದು, ಇಲ್ಲಿ ತೊಡಕು. "ಪಿಷ್ಟ", "ಕಾಳಿನ ಸಕ್ಕರೆ", "ನಾರು" ಅಂತ ಮೂರು ಮಾಡ್ರಿ. ಕಡಲೆ ಹೊಟ್ಟು ನಾರಿಗೆ ಸೇರುತ್ತದೆ, ಅದಕ್ಕೆ ಹುದುಗು ನಿಧಾನ.

ಪದಕ್ಕಿಂತ ದೊಡ್ಡ ತಪ್ಪು ಕರಡಿನ ಸಲಹೆಯಲ್ಲಿ ಇರಬಹುದು, ನೋಡಿಕೊಳ್ರಿ. "ಕಾಳು ನೆನೆಸಿ ನೀರು ಚೆಲ್ಲಿ" ಅನ್ನುವುದು ಹಂದಿ, ಕೋಳಿಗೆ ಸರಿ. ಒಂದು ಪಾಲು ಕಾಳಿಗೆ ಮೂರು ಪಾಲು ನೀರು, ಒಂದು ರಾತ್ರಿ. ಈ ಸಕ್ಕರೆ ನೀರಿನಲ್ಲಿ ಕರಗುವಂಥದ್ದು, ಒಂದಿಷ್ಟು ಚೆಲ್ಲಿದ ನೀರಿನೊಂದಿಗೆ ಹೋಗುತ್ತದೆ. ಬರೀ ಬೇಯಿಸಿದರೆ ಪ್ರೋಟೀನ್ ಅರಗಿಸುವ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶ ಸಾಯುತ್ತದೆ, ಸಕ್ಕರೆ ಬಹುಪಾಲು ಉಳಿಯುತ್ತದೆ. ಮೊಳಕೆ ಕಟ್ಟಿದರೆ ಕಾಳಿನದೇ ಕಿಣ್ವ ಅದನ್ನು ಒಡೆಯುತ್ತದೆ. ನಮ್ಮ ಬ್ಯಾಸಿಗಿಯಲ್ಲಿ ಮಾತ್ರ ಗಂಟು ಬಿಚ್ಚಿ ತೊಳೆಯದಿದ್ದರೆ ಮೊಳಕೆಗಿಂತ ಮೊದಲು ನಾತ ಬರುತ್ತದೆ. ಎಮ್ಮೆ, ಎತ್ತಿಗೆ ನೀರು ಚೆಲ್ಲುವುದು ದಂಡ. ರೂಮೆನ್ನಿನ ಸೂಕ್ಷ್ಮಜೀವಿಗಳು ಅದೇ ಸಕ್ಕರೆಯನ್ನು ಉಪಯೋಗದ ಆಮ್ಲ ಮಾಡಿಕೊಡುತ್ತವೆ. ಅವಕ್ಕೆ ಹೇಳಬೇಕಾದ ಮಾತು ಬೇರೆ: ಕಾಳನ್ನು ಹತ್ತು-ಹದಿನಾಲ್ಕು ದಿನದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ.

"ಹೊಟ್ಟಿ ಉಬ್ಬರ" ಪದವನ್ನೂ ಈ ಸಕ್ಕರೆಗೆ ಅಂಟಿಸಬ್ಯಾಡ್ರಿ. ಹಸಿ ಕುದುರೆಮೆಂತೆ ತಿಂದ ದನಕ್ಕೆ ಬರುವ ನೊರೆಯುಬ್ಬರಕ್ಕೆ ಮುಖ್ಯ ಕಾರಣ ಸೊಪ್ಪಿನ ಕರಗುವ ಪ್ರೋಟೀನು. ಗಾಳಿ ನೊರೆಯಲ್ಲಿ ಸಿಕ್ಕಿ ತೇಗಿನಲ್ಲಿ ಹೊರಬರುವುದಿಲ್ಲ.

ಸಾಲು ಹೀಗಿರಲಿ: "ಕಾಳಿನ ಸಕ್ಕರೆ ಒಡೆಯುವ ಕಿಣ್ವ ಹಂದಿ, ಕೋಳಿಗೆ ಇಲ್ಲ. ಆ ಸಕ್ಕರೆ ಹಿಂದಿನ ಕರುಳಿಗೆ ಹೋಗಿ ಅಲ್ಲಿ ಹುದುಗು ಬಂದು ಗಾಳಿ ತುಂಬುತ್ತದೆ."