ಆಫ್ರಿಕಾದ ಮುಸ್ಲಿಂ–ಕ್ರೈಸ್ತ ಸಹಬಾಳ್ವೆ: ಸೆಮಿನಾರಿಗೆ ಯಾವುದನ್ನು ಹಿಡಿಯಲಿ?

ಕುಡ್ಲ_ಎಂಎ:
ಮಂಗಳೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಸೆಮಿನಾರು, 20 ನಿಮಿಷ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಮುಸ್ಲಿಮರು, ಕ್ರೈಸ್ತರು ಹೇಗೆ ಬಾಳುತ್ತಿದ್ದಾರೆ ಅನ್ನುವುದು ವಿಷಯ. ಹುಡುಕಿದರೆ ಸಿಗುವುದು ಒಂದೋ ನೈಜೀರಿಯದ ಉಗ್ರ ಸಂಘಟನೆ ಬೊಕೊ ಹರಾಂ, ಇಲ್ಲವೇ "ಎಲ್ಲರೂ ಅಣ್ಣತಮ್ಮಂದಿರು". ಇವೆರಡರ ನಡುವೆ ಏನಿದೆ? ಇಲ್ಲಿನ ಬ್ಯಾರಿ ಮುಸ್ಲಿಮರು, ಕೊಂಕಣಿ ಕೆಥೊಲಿಕರ ಜೊತೆ ಹೋಲಿಸಬಹುದೇ?

ಮಲ್ಪೆ_ಗಾಳಿ:
ಅಂಕಿಯಿಂದ ಶುರುಮಾಡಿ. ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2010ರಲ್ಲಿ ಒಂದು ವರದಿ ತಂದಿತು. 19 ದೇಶ, 25,000ಕ್ಕೂ ಹೆಚ್ಚು ಮುಖಾಮುಖಿ ಸಂದರ್ಶನ, 60ಕ್ಕೂ ಹೆಚ್ಚು ಭಾಷೆ. ಅದರ ಲೆಕ್ಕದ ಪ್ರಕಾರ 1900ರಲ್ಲಿ ಆ ಭಾಗದಲ್ಲಿ ಮುಸ್ಲಿಮರು ಸುಮಾರು 1.1 ಕೋಟಿ, ಕ್ರೈಸ್ತರು 70 ಲಕ್ಷ. 2010ಕ್ಕೆ 23.4 ಕೋಟಿ ಮತ್ತು 47 ಕೋಟಿ. ಇಥಿಯೋಪಿಯದಲ್ಲಿ ಕ್ರೈಸ್ತಧರ್ಮ 4ನೇ ಶತಮಾನದಿಂದಲೇ ಇದೆ, ಮಾಲಿ ಕಡೆ ಇಸ್ಲಾಂ ಕೂಡ ಹಳೆಯದೇ. ಆದರೆ ಎಷ್ಟೋ ಮನೆಗಳಲ್ಲಿ ಈ ಧರ್ಮಗಳಿಗೆ ಮೂರ್ನಾಲ್ಕು ತಲೆಮಾರಿನ ವಯಸ್ಸಷ್ಟೆ.

ಹಾಗಾಗಿ ಹಳೆಯದು ಬಿಟ್ಟುಹೋಗಿಲ್ಲ. ಟಾಂಜಾನಿಯ, ಮಾಲಿ, ಸೆನೆಗಲ್, ದಕ್ಷಿಣ ಆಫ್ರಿಕಾಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಹಿರಿಯರಿಗೋ ಭೂತಗಳಿಗೋ ಬಲಿ ಕೊಟ್ಟರೆ ರಕ್ಷಣೆ ಉಂಟು ಎಂದಿದ್ದಾರೆ. ಭೂತಾರಾಧನೆ ಗೊತ್ತಿರುವ ತುಳುನಾಡಿನ ಸಭೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಎಚ್ಚರಿಕೆ: "ನೈಜೀರಿಯದಲ್ಲಿ ಅರ್ಧಕ್ಕರ್ಧ" ಅನ್ನುವುದನ್ನು ಜನಗಣತಿಯ ಅಂಕಿ ಎಂದು ಹೇಳಬೇಡಿ. ಅಲ್ಲಿ 1991 ಮತ್ತು 2006ರ ಗಣತಿಗಳಲ್ಲಿ ಧರ್ಮದ ಪ್ರಶ್ನೆಯೇ ಇರಲಿಲ್ಲ. ಟಾಂಜಾನಿಯ ಅದನ್ನು 1967ರ ನಂತರ ಕೈಬಿಟ್ಟಿತು. ತಲೆ ಎಣಿಕೆಯ ಮೇಲೆ ಸೀಟು, ಅನುದಾನ ನಿಂತಿರುವಲ್ಲಿ ಈ ಒಂದು ಕಾಲಮ್ಮು ಸಾಕು, ಜಗಳಕ್ಕೆ.

ಸೋಮೇಶ್ವರ_ಪಡು:
ನಂಬಿಕೆಗಿಂತ ಮೊದಲು ಮಾಂಸ ಕೊಯ್ಯುವ ಕತ್ತಿ ಯಾರ ಕೈಯಲ್ಲಿದೆ ನೋಡಿ. ಇಥಿಯೋಪಿಯದಲ್ಲಿ ಆರ್ಥೊಡಾಕ್ಸ್ ಕ್ರೈಸ್ತರು ಮುಸ್ಲಿಮರು ಕೊಯ್ದ ಮಾಂಸ ತಿನ್ನುವುದಿಲ್ಲ, ಅವರು ಇವರದ್ದು ಮುಟ್ಟುವುದಿಲ್ಲ. ಮದುವೆಗೆ ಎರಡೂ ಕಡೆಯವರನ್ನು ಕರೆದರೆ ಪ್ರಾಣಿ ಬೇರೆ, ಕೊಯ್ಯುವವನು ಬೇರೆ, ಅಡುಗೆಯೂ ಬೇರೆ. ಸುಲಭದ ದಾರಿ ಉಪವಾಸದ ಊಟ: ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮೊದಲಿನ 55 ದಿನ ಆರ್ಥೊಡಾಕ್ಸರಿಗೆ ಮಾಂಸ, ಹಾಲು ಎರಡೂ ವರ್ಜ್ಯ. ಇಂಜೆರಾ ರೊಟ್ಟಿಯ ಮೇಲೆ ಕಡಲೆ ಹಿಟ್ಟಿನ ಶಿರೋ, ಬೇಳೆ ಗಸಿ ಬಡಿಸಿದರೆ ಯಾರಿಗೂ ತಕರಾರಿಲ್ಲ.

ಟಾಂಜಾನಿಯದಲ್ಲಿ ಇನ್ನೊಂದು ಏರ್ಪಾಡು. ಎಲ್ಲರೂ ತಿನ್ನಲಿ ಎಂದು ಮಾರಾಟದ ಮಾಂಸವನ್ನು ಮುಸ್ಲಿಮರೇ ಕೊಯ್ಯುವುದು ರೂಢಿ. 2013ರಲ್ಲಿ ಗೇಟಾ ಕಡೆ ಕ್ರೈಸ್ತರು ತಾವೇ ಕೊಯ್ದು ಮಾರಲು ಹೊರಟಾಗ ಗಲಭೆಯಾಗಿ ಒಬ್ಬ ಪಾದ್ರಿಯ ಕೊಲೆಯೇ ಆಯಿತು. ರೂಢಿಯ ಮೇಲೆ ನಿಂತ ಒಪ್ಪಂದ ಒಂದು ಕಡೆಯವರು "ನಾವೇಕೆ?" ಎಂದ ದಿನ ಕುಸಿಯುತ್ತದೆ. ಅದೇ ದೇಶದಲ್ಲಿ ಮೊದಲ ಅಧ್ಯಕ್ಷ ನ್ಯೆರೆರೆ ನಂತರ ಅಧ್ಯಕ್ಷರಾದವರು ಮ್ವಿನ್ಯಿ, ಎಂಕಾಪಾ, ಕಿಕ್ವೆಟೆ, ಮಗುಫುಲಿ, ಸಾಮಿಯಾ: ಒಬ್ಬರು ಮುಸ್ಲಿಂ, ಒಬ್ಬರು ಕ್ರೈಸ್ತ, ಹೀಗೇ ಸರದಿ. ಸಂವಿಧಾನದಲ್ಲಿ ಹಾಗೇನೂ ಬರೆದಿಲ್ಲ.

ಬಂದರು_ಓದು:
ಸೆನೆಗಲ್ ಬಿಡಬೇಡಿ. ಶೇ 95ರಷ್ಟು ಮುಸ್ಲಿಮರ ದೇಶವನ್ನು 1960ರಿಂದ 1980ರವರೆಗೆ ಆಳಿದ ಸೆಂಗೋರ್ ಕೆಥೊಲಿಕರು. ಶುಭ ಶುಕ್ರವಾರ ಕ್ರೈಸ್ತರು ಙಲಾಖ್ ಮಾಡುತ್ತಾರೆ: ಹಬೆಯಲ್ಲಿ ಬೇಯಿಸಿದ ಸಜ್ಜೆಯ ತರಿ, ಕಡಲೆಕಾಯಿ ಪೇಸ್ಟು, ಬಾವೊಬಾಬ್ ಹಣ್ಣಿನ ಪುಡಿ, ಸಕ್ಕರೆ. ಮುಸ್ಲಿಂ ನೆರೆಯವರಿಗೂ ಹಂಚುತ್ತಾರೆ. ಬಕ್ರೀದಿಗೆ ಆ ಕಡೆಯಿಂದ ಕುರಿಮಾಂಸ ಬರುತ್ತದೆ. ನಮ್ಮಲ್ಲಿ ಕ್ರಿಸ್ಮಸ್ಸಿಗೆ ನೆರೆಮನೆಗೆ ಹೋಗುವ ಕುಸ್ವಾರ್ ತಿಂಡಿಗಳ ತಟ್ಟೆಯನ್ನು ಇದರ ಪಕ್ಕ ಇಡಬಹುದು. ಫಾದಿಯುತ್ ದ್ವೀಪದಲ್ಲಿ ಎರಡೂ ಧರ್ಮದವರಿಗೆ ಒಂದೇ ಚಿಪ್ಪಿನ ದಿಬ್ಬದ ಸ್ಮಶಾನ.

ಆದರೆ ಊಟ ಹಂಚಿಕೊಂಡರೆ ಎಲ್ಲ ಸರಿಯಾಯಿತೆಂದಲ್ಲ. ಮದುವೆಯಲ್ಲಿ ಗಂಟು ಬಿಗಿ: ಮುಸ್ಲಿಮನನ್ನು ಮದುವೆಯಾಗುವ ಕೆಥೊಲಿಕ್ ವಧು ಬಿಷಪರ ವಿನಾಯಿತಿ ಪಡೆಯುವಾಗ ಮಕ್ಕಳಿಗೆ ಜ್ಞಾನಸ್ನಾನ ಕೊಡಿಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಮಾತು ಕೊಡಬೇಕು, ಇಸ್ಲಾಮಿ ಫಿಕ್ಹ್ (ಧರ್ಮಕಾನೂನು) ಪ್ರಕಾರ ಮುಸ್ಲಿಂ ತಂದೆಯ ಮಕ್ಕಳು ಮುಸ್ಲಿಮರು. ಮೊದಲ ಮಗು ಹುಟ್ಟಿದಾಗಲೇ ಇದು ಮೇಲೆ ಬರುವುದು.

ಮಲ್ಪೆ_ಗಾಳಿ:
ನೈಜೀರಿಯದ ಜೋಸ್ ನಗರವನ್ನೂ ಸೇರಿಸಿ. ಅಲ್ಲಿ ಸ್ಥಳೀಯ ಸರ್ಕಾರ ಕೊಡುವ "ಮೂಲನಿವಾಸಿ" ಪತ್ರವಿಲ್ಲದೆ ಸರ್ಕಾರಿ ಕೆಲಸ, ಕಾಲೇಜು ಸೀಟು ಕಷ್ಟ. ತವರದ ಗಣಿಗಳ ಕಾಲದಿಂದ ಇರುವ ಹೌಸಾ ಮುಸ್ಲಿಮರಿಗೆ ಅದನ್ನು ಕೊಡುವುದಕ್ಕೆ ಬಹುತೇಕ ಕ್ರೈಸ್ತರಾದ ಬೆರೋಮ್, ಅಫಿಜೆರೆ, ಅನಗುತಾ ಜನರ ವಿರೋಧ. 2001ರ ಸೆಪ್ಟೆಂಬರ್, 2008ರ ನವೆಂಬರ್ ಗಲಭೆಗಳ ಬೇರು ಅಲ್ಲಿದೆ. ಎರಡನೆಯದು ಸ್ಥಳೀಯ ಚುನಾವಣೆಯ ಬೆನ್ನಿಗೇ ಬಂತು. ಅದೇ ದೇಶದ ನೈಋತ್ಯದ ಯೊರುಬಾ ಮನೆಗಳಲ್ಲಿ ಅಣ್ಣ ಮುಸ್ಲಿಂ, ತಂಗಿ ಕ್ರೈಸ್ತಳು. ಧರ್ಮಗಳು ಅವೇ; ಜೋಸ್‌ನ ಜಗಳ ಕಾಗದಪತ್ರದ್ದು.

ಹೋಲಿಕೆಯ ಬಗ್ಗೆ: ಮಂಗಳೂರಿನಲ್ಲಿ ಬ್ಯಾರಿಗಳೂ ಕೆಥೊಲಿಕರೂ ಅಲ್ಪಸಂಖ್ಯಾತರು, ನೈಜೀರಿಯದಲ್ಲಿ ಮುಸ್ಲಿಮರು, ಕ್ರೈಸ್ತರೇ ಎರಡು ದೊಡ್ಡ ಬಣ. ಅಧಿಕಾರದ ಪಾಲಿನ ಜಗಳವನ್ನು ಇಲ್ಲಿಗೆ ಎಳೆದರೆ ಪ್ರಶ್ನೋತ್ತರದಲ್ಲಿ ಸಿಕ್ಕಿಬೀಳುತ್ತೀರಿ. ಊಟ, ಮದುವೆ ಮಾತ್ರ ಹೋಲಿಸಿ. ಇಥಿಯೋಪಿಯಕ್ಕೆ 5 ನಿಮಿಷ, ಸೆನೆಗಲ್‌ಗೆ 4, ಜೋಸ್‌ಗೆ 8 ಇಟ್ಟುಕೊಳ್ಳಿ, ಉಳಿದದ್ದು ಅಂಕಿಗಳಿಗೆ.